ಬೋರ್ ಮಾಡಿಸಿದ ಬುಲೆಟ್‌ಗೂ ಬೇಕು ಬಾಣಂತನ!

ದೊಡ್ಡ ಗಾಡಿಯ ಎಂಜಿನ್ ಬಿಚ್ಚಿಸಿ ಹೊಸದು ಮಾಡಿಸಿದ್ದೀರಾ? ಮೆಕ್ಯಾನಿಕ್ ಕೆಲಸ ಮುಗಿಯಿತು, ಮನೆಯವರ ಕೆಲಸ ಈಗ ಶುರು. ಕೊಟ್ಟ ದುಡ್ಡು ಉಳಿಯುವುದೂ ಹೋಗುವುದೂ ಮೊದಲ ಸಾವಿರ ಕಿಲೋಮೀಟರ್‌ನಲ್ಲೇ.

‘ಗಾಡಿ ವಿಷಯ ಗಂಡಸರಿಗೆ ಬಿಟ್ಟಿದ್ದು, ನಮಗ್ಯಾಕಪ್ಪಾ ಅದರ ಉಸಾಬರಿ’ ಎನ್ನುವ ಕಾಲ ಹೋಯಿತು. ಸ್ಕೂಟರ್ ಬಿಡಿ, ಬುಲೆಟ್ ಏರಿ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳು ಈಗ ಊರೂರಲ್ಲೂ ಇದ್ದಾರೆ. ಸೀಟು ತಗ್ಗಾಗಿ, ಎರಡೂ ಕಾಲು ನೆಲಕ್ಕೆ ಸಲೀಸಾಗಿ ಸಿಗುವ ‘ಕ್ರೂಸರ್’ ಗಾಡಿಗಳಂತೂ ಎತ್ತರ ಕಡಿಮೆ ಇರುವವರಿಗೂ ಒಗ್ಗುತ್ತವೆ. ನೀವು ಓಡಿಸುವುದಿಲ್ಲವೇ? ಪರವಾಗಿಲ್ಲ. ಹಿಂದಿನ ಸೀಟಿನಲ್ಲಿ ಮಗುವನ್ನು ಹಿಡಿದು ಕೂರುವವರು ನೀವು ತಾನೆ? ಗ್ಯಾರೇಜಿನವನು ‘ಇಷ್ಟಾಯ್ತು ಸಾರ್’ ಅಂತ ಚೀಟಿ ಬರೆದುಕೊಟ್ಟಾಗ, ತಿಂಗಳ ಖರ್ಚಿನಲ್ಲಿ ಕತ್ತರಿ ಹಾಕಿ ಹೊಂದಿಸುವವರೂ ನೀವೇ. ಅಂದ ಮೇಲೆ ಈ ವಿಷಯ ನಮಗೂ ಸ್ವಲ್ಪ ಗೊತ್ತಿರಬೇಕು.

ಕ್ರೂಸರ್ ಅಂದರೆ ಹಿಂದಕ್ಕೆ ವಾಲಿ ಆರಾಮವಾಗಿ ಕೂತು, ಕಾಲು ಮುಂದೆ ಚಾಚಿ, ದೂರದ ದಾರಿ ಸವೆಸಲು ಮಾಡಿದ ಬೈಕ್. ನಮ್ಮಲ್ಲಿ 2001ರಲ್ಲಿ ಬಂದ ಎಲಿಮಿನೇಟರ್, 2002ರ ಥಂಡರ್‌ಬರ್ಡ್, 2005ರ ಅವೆಂಜರ್ ಈ ಜಾತಿಯವು. ಹಳೇ ಬುಲೆಟ್‌ಗೇ ಅಗಲದ ಹ್ಯಾಂಡಲ್, ತಗ್ಗಿನ ಸೀಟು ಹಾಕಿಸಿ ಕ್ರೂಸರ್ ಮಾಡಿಕೊಂಡವರೂ ಬೇಕಾದಷ್ಟು ಜನ. ಥಂಡರ್‌ಬರ್ಡ್ ತಯಾರಿಕೆ 2020ರಲ್ಲಿ ನಿಂತಿತು. ಇರುವುದನ್ನೇ ರಿಪೇರಿ ಮಾಡಿಸಿ ಓಡಿಸಬೇಕು. ಅದಕ್ಕೇ ಈ ‘ರೀಬೋರ್’, ‘ರೀಬಿಲ್ಡ್’ ಎಂಬ ಮಾತುಗಳು ಮನೆಯೊಳಗೂ ಕೇಳಿಬರುತ್ತಿರುವುದು.

ಒಳಗೆ ಆಗುವುದೇನು?

ಹಿಂದೆ ಮನೆಗಳಲ್ಲಿ ಒರಳುಕಲ್ಲು ಸವೆದು ನುಣುಪಾದಾಗ ಉಳಿಯಿಂದ ಕುಟ್ಟಿಸುತ್ತಿದ್ದರಲ್ಲ, ನೆನಪಿದೆಯೇ? ಕುಟ್ಟಿಸಿದ ದಿನವೇ ಅದರಲ್ಲಿ ದೋಸೆ ಹಿಟ್ಟು ರುಬ್ಬಿದರೆ ಹಲ್ಲಿಗೆ ಕಲ್ಲಿನ ಪುಡಿ ಸಿಗುತ್ತಿತ್ತು. ಅದಕ್ಕೇ ಅಜ್ಜಿಯರು ಮೊದಲು ಒಂದಿಷ್ಟು ನುಚ್ಚನ್ನೋ ತೌಡನ್ನೋ ರುಬ್ಬಿ ಚೆಲ್ಲಿ, ಕಲ್ಲು ತೊಳೆದು, ಆಮೇಲೆ ಅಡುಗೆಗೆ ಬಳಸುತ್ತಿದ್ದರು.

ಎಂಜಿನ್ ರೀಬೋರ್ ಕೂಡ ಇಂಥದ್ದೇ. ವರ್ಷಗಟ್ಟಲೆ ಪಿಸ್ಟನ್ ಮೇಲೆ ಕೆಳಗೆ ಓಡಾಡಿ ಸಿಲಿಂಡರ್ ಸವೆದಿರುತ್ತದೆ. ಅದನ್ನು ಲೇತ್ ಅಂಗಡಿಯಲ್ಲಿ ಕೊರೆದು ಸ್ವಲ್ಪ ಅಗಲ ಮಾಡಿ, ಆ ಅಳತೆಗೆ ದೊಡ್ಡ ಪಿಸ್ಟನ್, ಹೊಸ ರಿಂಗ್ ಹಾಕುತ್ತಾರೆ. ಕೊನೆಯಲ್ಲಿ ಸಿಲಿಂಡರ್ ಗೋಡೆಯ ಮೇಲೆ ಓರೆ ಓರೆಯಾಗಿ ಸಣ್ಣ ಗೀರು ಎಳೆಯುತ್ತಾರೆ. ಇದಕ್ಕೆ ‘ಹೋನಿಂಗ್’ ಎನ್ನುತ್ತಾರೆ. ಈ ಗೀರುಗಳಲ್ಲಿ ಎಣ್ಣೆ ನಿಲ್ಲುತ್ತದೆ. ಅದರ ಮೊನೆಗಳು ಹೊಸ ರಿಂಗನ್ನು ನಯವಾಗಿ ಉಜ್ಜಿ ಗೋಡೆಗೆ ಸರಿಯಾಗಿ ಕೂರುವಂತೆ ಮಾಡುತ್ತವೆ.

ರಿಂಗ್ ಹೀಗೆ ಕೂರುವ ತನಕ ಎಂಜಿನ್ ಬಿಗಿ. ಉಜ್ಜಾಟ ಜಾಸ್ತಿ, ಬಿಸಿಯೂ ಜಾಸ್ತಿ. ಉದುರಿದ ಲೋಹದ ಪುಡಿ ಎಣ್ಣೆಯಲ್ಲಿ ಸೇರುತ್ತದೆ. ಈ ಕಾಲದಲ್ಲಿ ಗಾಡಿಯನ್ನು ನೋಡಿಕೊಳ್ಳುವುದಕ್ಕೆ ‘ರನ್ನಿಂಗ್ ಇನ್’ ಅಂತ ಹೆಸರು. ನಾನಂತೂ ಎಂಜಿನ್ನಿನ ಬಾಣಂತನ ಎನ್ನುತ್ತೇನೆ. ಬಾಣಂತಿಯಿಂದ ಭಾರ ಎತ್ತಿಸುವುದಿಲ್ಲ. ಹಾಗಂತ ತಿಂಗಳಾನುಗಟ್ಟಲೆ ಮಲಗಿಸಿಯೇ ಇಡುವುದೂ ಇಲ್ಲ. ದಿನದಿನಕ್ಕೆ ಅಷ್ಟಷ್ಟೇ ಓಡಾಡಿಸಿ ಶಕ್ತಿ ತುಂಬುತ್ತೇವೆ. ಎಂಜಿನ್ನಿಗೂ ಅದೇ ನ್ಯಾಯ.

ಗ್ಯಾರೇಜಿನಿಂದ ತರುವ ಮುನ್ನ

ಟೈಲರ್ ಹತ್ತಿರ ಉಳಿದ ಬಟ್ಟೆ ಕೇಳಿ ತರುತ್ತೇವಲ್ಲ, ಹಾಗೆ ಮೆಕ್ಯಾನಿಕ್ ಹತ್ತಿರವೂ ಕೇಳಬೇಕಾದ್ದು ಕೆಲವು ಇವೆ. ಸಂಕೋಚ ಬೇಡ.

• ಬಿಚ್ಚಿದ ಹಳೇ ಪಿಸ್ಟನ್, ರಿಂಗ್, ವಾಲ್ವ್, ಬೇರಿಂಗ್ ವಾಪಸ್ ಕೇಳಿ. ಬದಲಾಯಿಸಿದ್ದು ನಿಜವೋ ಅಲ್ಲವೋ ಅದರಲ್ಲೇ ತಿಳಿಯುತ್ತದೆ.

• ಹೊಸ ಪಿಸ್ಟನ್ ಎಷ್ಟು ‘ಓವರ್‌ಸೈಜ್’ ಎಂಬುದನ್ನು ಬಿಲ್ಲಿನಲ್ಲಿ ಬರೆಸಿ. ಸಿಲಿಂಡರನ್ನು ಎಷ್ಟು ಸಲ ಬೇಕಾದರೂ ಕೊರೆಯಲಾಗದು. ಒಂದು ಹಂತ ದಾಟಿದರೆ ಒಳಗೆ ಹೊಸ ‘ಸ್ಲೀವ್’ ಹಾಕಿಸಬೇಕು. ಮುಂದಿನ ಸಲ ಈ ಲೆಕ್ಕ ಬೇಕಾಗುತ್ತದೆ.

• ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಬಿಡಿಭಾಗ ತರಿಸಿದ್ದರೆ ಆ ಅಂಗಡಿಯ ಬಿಲ್ಲೂ ಇರಲಿ.

• ಎಂಜಿನ್ ನಂಬರನ್ನು ಆರ್.ಸಿ. ಜೊತೆ ತಾಳೆ ನೋಡಿ. ಬೇರೆ ಗಾಡಿಯ ಕೇಸ್ ಹಾಕಿದ್ದರೆ ನಂಬರ್ ಬದಲಾಗಿರುತ್ತದೆ. ಅದನ್ನು ಆರ್.ಟಿ.ಓ. ದಾಖಲೆಯಲ್ಲಿ ಸರಿಮಾಡಿಸದಿದ್ದರೆ ನಾಳೆ ವಿಮೆ ಕೇಳುವಾಗ ತೊಂದರೆ.

• ಹಳೇ ಕ್ಯಾಸ್ಟ್ ಐರನ್ ಎಂಜಿನ್ ಬುಲೆಟ್ ಆದರೆ ತಲೆಯ ಭಾಗಕ್ಕೆ ಎಣ್ಣೆ ಏರುತ್ತಿದೆಯೇ ಎಂದು ನಿಮ್ಮ ಎದುರಿಗೇ ತೋರಿಸಲು ಹೇಳಿ. ರಾಕರ್‌ಗೆ ಹೋಗುವ ಎಣ್ಣೆ ಪೈಪಿನ ಬೋಲ್ಟ್ ಸ್ವಲ್ಪ ಸಡಿಲಿಸಿದರೆ ಎಣ್ಣೆ ಜಿನುಗಬೇಕು.

ಮೊದಲ ದಿನ

ಗಾಡಿ ಮನೆಗೆ ಬಂದ ಖುಷಿಯಲ್ಲಿ ನಿಂಬೆಹಣ್ಣು ಇಟ್ಟು ‘ಡಬ್ ಡಬ್’ ಅಂತ ರೇಸ್ ಕೊಡುವುದು ಬೇಡ. ಮೊದಲು ಇಗ್ನಿಷನ್ ಆಫ್ ಇಟ್ಟು, ಡಿಕಂಪ್ರೆಸರ್ ಒತ್ತಿ ಹಿಡಿದು ಏಳೆಂಟು ಸಲ ನಿಧಾನಕ್ಕೆ ಕಿಕ್ ಮಾಡಿ. ಎಣ್ಣೆ ಎಲ್ಲ ಕಡೆ ಹರಡುತ್ತದೆ. ಆಮೇಲೆ ಸ್ಟಾರ್ಟ್ ಮಾಡಿ ಎರಡು ಮೂರು ನಿಮಿಷ ಓಡಿಸಿ ಆರಿಸಿ. ಕೈಯಿಟ್ಟರೆ ತಣ್ಣಗೆ ಅನ್ನಿಸುವಷ್ಟು ಆರಲಿ. ಮತ್ತೆ ಸ್ಟಾರ್ಟ್ ಮಾಡಿ. ಹೀಗೆ ಮೂರು ನಾಲ್ಕು ಬಾರಿ ಆದರೆ ಒಳಗಿನ ಭಾಗಗಳು ಬಿಸಿಗೆ ಹಿಗ್ಗಿ, ತಣ್ಣಗಾಗಿ ಕುಗ್ಗಿ ಹೊಂದಿಕೊಳ್ಳುತ್ತವೆ. ಹೊಸ ಕಬ್ಬಿಣದ ಕಾವಲಿಗೆ ಎಣ್ಣೆ ಸವರಿ, ಕಾಯಿಸಿ, ಆರಿಸಿ ಪಳಗಿಸುವುದಿಲ್ಲವೇ? ಅದೇ ರೀತಿ.

ಆದರೆ ಸ್ಟ್ಯಾಂಡ್ ಹಾಕಿ ಅರ್ಧ ಗಂಟೆ ಹಾಗೇ ಓಡಲು ಬಿಡುವುದು ತಪ್ಪು. ಈ ಎಂಜಿನ್‌ಗಳು ತಣ್ಣಗಾಗುವುದು ಗಾಳಿಯಿಂದ. ಗಾಡಿ ಮುಂದೆ ಹೋಗದೆ ಗಾಳಿ ಬರುವುದಾದರೂ ಎಲ್ಲಿಂದ?

ನೀವೇ ಕಿಕ್ ಮಾಡುವವರಾದರೆ ಒಂದು ಮಾತು. ಹಳೇ ಬುಲೆಟ್‌ನಲ್ಲಿ ಬಲಕ್ಕಿಂತ ಜಾಣತನ ಮುಖ್ಯ. ಕಿಕ್ಕರನ್ನು ನಿಧಾನ ಒತ್ತಿ, ಗಟ್ಟಿಯಾಗಿ ನಿಲ್ಲುವ ಜಾಗದಲ್ಲಿ ಡಿಕಂಪ್ರೆಸರ್ ಹಿಡಿದು ಸ್ವಲ್ಪ ದಾಟಿಸಿ, ಆಂಪಿಯರ್ ಮೀಟರಿನ ಮುಳ್ಳು ನಡುವಿಗೆ ಬಂದಾಗ ಬಿಟ್ಟು, ಕಿಕ್ಕರ್ ಮೇಲೆ ತಂದು ಒಂದೇ ಏಟಿಗೆ ಪೂರ್ತಿ ತುಳಿಯಿರಿ. ಸೀರೆ, ಚಪ್ಪಲಿಯಲ್ಲಿ ಈ ಸಾಹಸ ಬೇಡ, ಶೂ ಇರಲಿ. ಕಿಕ್ಕರ್ ತಿರುಗಿ ಕಾಲಿಗೆ ಒದೆಯುತ್ತಿದ್ದರೆ ಇಗ್ನಿಷನ್ ಟೈಮಿಂಗ್ ಮುಂದೆ ಹೋಗಿದೆ ಎಂದು ಅರ್ಥ. ಓಡಿಸುವ ಮೊದಲೇ ಸರಿಮಾಡಿಸಿ.

ಮೊದಲ ಐನೂರು ಕಿಲೋಮೀಟರ್

ಮೆಕ್ಯಾನಿಕ್‌ಗಳು ಸಾಮಾನ್ಯವಾಗಿ ಹೇಳುವ ಲೆಕ್ಕ ಹೀಗಿದೆ. ಮೊದಲ 500 ಕಿ.ಮೀ. ತನಕ ಗಂಟೆಗೆ 40ರಿಂದ 50 ಕಿ.ಮೀ. ದಾಟಬೇಡಿ. 500ರಿಂದ 1000ದ ತನಕ 60ರ ಒಳಗೆ ಇರಲಿ. ಆಮೇಲೆ 2000 ಆಗುವವರೆಗೂ ಸ್ವಲ್ಪ ಸ್ವಲ್ಪವೇ ಏರಿಸಿ. ನಿಮ್ಮ ಗಾಡಿಯ ಪುಸ್ತಕದಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ಪಾಲಿಸಿ.

ಸ್ಪೀಡೋಮೀಟರ್ ನೋಡಿದರಷ್ಟೇ ಸಾಲದು. ಎಂಜಿನ್ ಹಾಳಾಗುವುದು ಎರಡು ರೀತಿಯಲ್ಲಿ. ಒಂದು, ಅತಿ ವೇಗ. ಇದು ಎಲ್ಲರಿಗೂ ಗೊತ್ತು. ಇನ್ನೊಂದು, ಅತಿ ಮುದ್ದು. ಇದು ಹೆಚ್ಚಿನವರಿಗೆ ಗೊತ್ತಿಲ್ಲ. ‘ನಿಧಾನಕ್ಕೇ ಹೋಗಬೇಕು’ ಎಂದು ಟಾಪ್ ಗೇರಿನಲ್ಲಿ 25ರಲ್ಲಿ ಗುದ್ದಾಡಿಸಿಕೊಂಡು ಹೋದರೆ ಪಿಸ್ಟನ್, ಬೇರಿಂಗ್ ಮೇಲೆ ಭಾರ ಬೀಳುತ್ತದೆ. ಎಂಜಿನ್ ‘ಗುದ್ದಿದ’ ಸದ್ದು ಮಾಡಿದ ಕೂಡಲೇ ಒಂದು ಗೇರ್ ಇಳಿಸಬೇಕು.

ಇನ್ನೂ ಒಂದು ವಿಷಯ. ರಿಂಗ್ ಸಿಲಿಂಡರಿಗೆ ಅಂಟಿಕೊಂಡು ಕೂರುವುದು ಒಳಗೆ ಪೆಟ್ರೋಲ್ ಉರಿದಾಗ ಹುಟ್ಟುವ ಒತ್ತಡದಿಂದ. ಸ್ವಲ್ಪವೂ ಕೆಲಸ ಕೊಡದೆ ಬರೀ ಐಡ್ಲಿಂಗ್‌ನಲ್ಲಿ, ಒಂದೇ ವೇಗದಲ್ಲಿ ಓಡಿಸುತ್ತಿದ್ದರೆ ಸಿಲಿಂಡರ್ ಗೋಡೆ ಗಾಜಿನಂತೆ ನುಣುಪಾಗಿ, ಗೀರುಗಳು ಮುಚ್ಚಿಹೋಗುತ್ತವೆ. ಆಮೇಲೆ ರಿಂಗ್ ಕೂರುವುದೇ ಇಲ್ಲ. ಎಣ್ಣೆ ಮೇಲೇರಿ ಉರಿದು ಸೈಲೆನ್ಸರ್‌ನಿಂದ ನೀಲಿ ಹೊಗೆ. ಮತ್ತೆ ಬಿಚ್ಚಿಸುವುದು, ಮತ್ತೆ ಖರ್ಚು.

ಹಾಗಾದರೆ ಸರಿಯಾದ ರೀತಿ ಯಾವುದು?

• ವೇಗ ಒಂದೇ ಇರಬಾರದು. 30, 40, ಮತ್ತೆ 35, ಮತ್ತೆ 45. ಏರಿಸುತ್ತಾ ಇಳಿಸುತ್ತಾ ಹೋಗಿ. ಇಳಿಸುವಾಗ ಆಕ್ಸಿಲರೇಟರ್ ಬಿಟ್ಟು ಎಂಜಿನ್ ತಾನಾಗಿ ವೇಗ ಕಳೆದುಕೊಳ್ಳಲಿ.

• ಆಕ್ಸಿಲರೇಟರ್ ಅರ್ಧಕ್ಕಿಂತ ಹೆಚ್ಚು ತಿರುಗಿಸಬೇಡಿ. ಜರ್ ಅಂತ ತಿರುಗಿಸುವುದಂತೂ ಬೇಡವೇ ಬೇಡ.

• ಮೊದಲ 500 ಕಿ.ಮೀ. ಒಬ್ಬರೇ ಓಡಿಸಿ. ಹಿಂದೆ ಜನ, ಗ್ಯಾಸ್ ಸಿಲಿಂಡರ್, ಅಕ್ಕಿ ಮೂಟೆ ಯಾವುದೂ ಬೇಡ. ಘಾಟಿ ರಸ್ತೆಯೂ ಬೇಡ.

• ಇಪ್ಪತ್ತು, ಇಪ್ಪತ್ತೈದು ಕಿ.ಮೀ.ಗೆ ಒಮ್ಮೆ ನಿಲ್ಲಿಸಿ ಹತ್ತು ಹದಿನೈದು ನಿಮಿಷ ಆರಲು ಬಿಡಿ.

• ಸಿಗ್ನಲ್‌ನಲ್ಲಿ ನಿಂತು ನಿಂತು ಹೋಗುವ ಪೇಟೆ ರಸ್ತೆಗಿಂತ, ಬೆಳಗಿನ ತಂಪು ಹೊತ್ತಿನ ಖಾಲಿ ರಸ್ತೆ ಒಳ್ಳೆಯದು.

ಹೇಳುವುದು ಸುಲಭ, ಮನೆಯಲ್ಲಿ ಪಾಲಿಸುವುದೇ ಕಷ್ಟ. ನಮ್ಮದು ಹಾಸನ. ನಮ್ಮ ಮಾವನವರ ಹಳೇ ಬುಲೆಟ್ ವರ್ಷಗಟ್ಟಲೆ ಹಿತ್ತಿಲಲ್ಲಿ ಗೋಣಿ ಹೊದ್ದು ನಿಂತಿತ್ತು. ಮೈದುನ ಅದನ್ನು ಹೊಸದು ಮಾಡಿಸಿದ. ವಾರಗಿತ್ತಿಯ ಚೀಟಿ ದುಡ್ಡೂ ಅದಕ್ಕೇ ಹೋಯಿತು. ಗಾಡಿ ಬಂದು ಐದು ದಿನವೂ ಆಗಿರಲಿಲ್ಲ.

‘ಅತ್ತಿಗೆ, ಭಾನುವಾರ ಇವಳನ್ನೂ ಪಾಪುವನ್ನೂ ಕರ್ಕೊಂಡು ಸುಬ್ರಹ್ಮಣ್ಯಕ್ಕೆ ಹೋಗಿಬರ್ತೀನಿ. ಗಾಡಿಗೂ ಪೂಜೆ ಆದ ಹಾಗಾಗುತ್ತೆ’ ಅಂದ.

‘ಹೋಗುವಾಗ ಇಳಿಜಾರು ಸರಿ ಕಣೋ, ಬರುವಾಗ ಶಿರಾಡಿ ಘಾಟಿ ಹತ್ತಬೇಕಲ್ಲ? ಮೂರು ಜನರ ಭಾರ ಹೊತ್ತು? ಇನ್ನೂ ನೂರು ಕಿಲೋಮೀಟರೂ ಓಡಿಲ್ಲ’ ಅಂದೆ.

ಅತ್ತೆಯವರು ಇನ್ನೂ ಸರಿಯಾಗಿ ಹೇಳಿದರು. ‘ಬಾಣಂತಿ ಹತ್ರ ನೀರು ಹೊರಿಸ್ತಾರೇನೋ? ಬಸ್ಸಲ್ಲಿ ಹೋಗ್ಬನ್ನಿ.’

ಎರಡು ದಿನ ಮುಖ ಊದಿಸಿಕೊಂಡಿದ್ದ, ಆಮೇಲೆ ಬಸ್ಸಿನಲ್ಲೇ ಹೋಗಿಬಂದರು. ಮುಂದೆ ರಜೆ ಸಿಕ್ಕಾಗಲೆಲ್ಲ ಬೆಳಿಗ್ಗೆ ಒಬ್ಬನೇ ಬೇಲೂರಿಗೆ ಹೋಗಿ ಬರತೊಡಗಿದ. ಹೋಗಿ ಬಂದರೆ ಸುಮಾರು 80 ಕಿ.ಮೀ. ಮೂರನೇ ಸಲ ರಸ್ತೆ ಖಾಲಿ ಇದೆ ಎಂದು 65ರವರೆಗೆ ಎಳೆದಿದ್ದಾನೆ. ಹಿಂದಿನಿಂದ ಯಾರೋ ಹಿಡಿದೆಳೆದ ಹಾಗೆ ಎಂಜಿನ್ ಸೊರಗಿತಂತೆ. ಮೆಕ್ಯಾನಿಕ್ ಹೇಳಿಕೊಟ್ಟಿದ್ದು ನೆನಪಿಗೆ ಬಂದು ತಕ್ಷಣ ಕ್ಲಚ್ ಹಿಡಿದು ಪಕ್ಕಕ್ಕೆ ನಿಲ್ಲಿಸಿದ್ದಾನೆ. ಸಿಲಿಂಡರ್ ಎತ್ತಿ ನೋಡಿದರೆ ಪಿಸ್ಟನ್ ಪಕ್ಕದಲ್ಲಿ ಸಣ್ಣ ಗೀರು. ಉಜ್ಜಿ ಸರಿಮಾಡುವಷ್ಟರಲ್ಲೇ ಮುಗಿಯಿತು. ಅದೇ ಘಾಟಿಯ ತಿರುವಿನಲ್ಲಿ, ಹಿಂದೆ ಲಾರಿ, ಸೀಟಿನಲ್ಲಿ ತಾಯಿ ಮಗು ಇದ್ದಾಗ ಆಗಿದ್ದರೆ? ಆ ಮಾತನ್ನು ಆಮೇಲೆ ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡಲಿಲ್ಲ. ಆಡುವ ಅಗತ್ಯವೂ ಇರಲಿಲ್ಲ.

ಸೀಜ್ ಆಗುವ ಮುನ್ಸೂಚನೆ

ಮೇಲೆ ಹೇಳಿದ್ದಕ್ಕೆ ‘ಸೀಜ್’ ಎನ್ನುತ್ತಾರೆ. ಬಿಸಿಗೆ ಪಿಸ್ಟನ್ ಹಿಗ್ಗಿ ಸಿಲಿಂಡರಿಗೆ ಕಚ್ಚಿಕೊಳ್ಳುವುದು. ಪೂರ್ತಿ ಕಚ್ಚಿಕೊಂಡರೆ ಹಿಂದಿನ ಚಕ್ರ ಜಾಮ್ ಆಗಿ ಗಾಡಿ ಜಾರುತ್ತದೆ. ಓಡಿಸುವವರು, ಹಿಂದೆ ಕೂರುವವರು ಇಬ್ಬರಿಗೂ ಇದರ ಗುರುತು ಗೊತ್ತಿರಲಿ. ಆಕ್ಸಿಲರೇಟರ್ ಅಷ್ಟೇ ಇದ್ದರೂ ವೇಗ ತಾನಾಗಿ ಇಳಿಯುವುದು, ಕಾದ ಲೋಹದ ವಾಸನೆ, ಕಾಲಿಗೆ ತಾಗುವ ವಿಪರೀತ ಬಿಸಿ, ಎಂಜಿನ್ನಿನಿಂದ ಕಟಕಟ ಸದ್ದು.

ಹೀಗಾದಾಗ ಮೊದಲು ಕ್ಲಚ್ ಹಿಡಿಯಬೇಕು, ಆಮೇಲೆ ಆಕ್ಸಿಲರೇಟರ್ ಬಿಡಬೇಕು. ಗಾಡಿ ತಾನಾಗಿ ಉರುಳಿ ಪಕ್ಕಕ್ಕೆ ಬರಲಿ. ಆರಿಸಿ, ಕನಿಷ್ಠ ಅರ್ಧ ಗಂಟೆ ಮುಟ್ಟಬೇಡಿ. ‘ಬೇಗ ತಣ್ಣಗಾಗಲಿ’ ಎಂದು ನೀರು ಸುರಿಯುವವರಿದ್ದಾರೆ. ಕಾದ ಕಲ್ಲಿನ ಪಾತ್ರೆಗೆ ತಣ್ಣೀರು ಹಾಕಿದರೆ ಏನಾಗುತ್ತದೆ? ಬೀಡು ಕಬ್ಬಿಣದ ಸಿಲಿಂಡರೂ ಬಿರುಕು ಬಿಡಬಹುದು. ಆಮೇಲೆ ಸ್ಟಾರ್ಟ್ ಆದರೂ ಸೀದಾ ಗ್ಯಾರೇಜಿಗೇ ಹೋಗಲಿ.

ಎಣ್ಣೆಯಲ್ಲಿ ಜಿಪುಣತನ ಬೇಡ

ಹೊಸ ಎಣ್ಣೆ ಹಾಕಿ ಐವತ್ತು ಅಥವಾ ನೂರು ಕಿ.ಮೀ.ಗೇ ಬದಲಾಯಿಸು ಎಂದರೆ ಹೊಟ್ಟೆ ಉರಿಯುತ್ತದೆ, ನಿಜ. ಆದರೆ ಮೊದಲ ನೂರು ಕಿ.ಮೀ.ನಲ್ಲಿ ಉದುರಿದ ಪುಡಿಯೆಲ್ಲ ಅದರಲ್ಲೇ ಇರುತ್ತದೆ. ಒರಳಿನಲ್ಲಿ ಮೊದಲು ರುಬ್ಬಿದ್ದನ್ನು ಚೆಲ್ಲುವ ಹಾಗೆ ಇದನ್ನೂ ಚೆಲ್ಲಲೇಬೇಕು. ಮತ್ತೆ 500 ಕಿ.ಮೀ.ಗೆ ಒಮ್ಮೆ, ಸಾವಿರ ದಾಟಿದ ಮೇಲೆ ಇನ್ನೊಮ್ಮೆ ಬದಲಾಯಿಸಿ. ಪ್ರತಿಸಲವೂ ಫಿಲ್ಟರ್ ನೋಡಿಸಿ. ರನ್ನಿಂಗ್ ಇನ್ ಮುಗಿಯುವವರೆಗೆ ಸಾಧಾರಣ ಮಿನರಲ್ ಆಯಿಲ್ ಸಾಕು. ಹಳೇ ಬುಲೆಟ್‌ಗಾದರೆ 20ಡಬ್ಲ್ಯು-50. ದುಬಾರಿ ಸಿಂಥೆಟಿಕ್ ಆಯಿಲ್ ಈಗಲೇ ಬೇಡ, ದುಡ್ಡೂ ಉಳಿಯುತ್ತದೆ.

ಬಿಟ್ಟ ಎಣ್ಣೆಯನ್ನು ಒಂದು ಬಿಳಿ ಪ್ಲಾಸ್ಟಿಕ್ ಡಬ್ಬಿಗೆ ಹಿಡಿದು ಬಿಸಿಲಿನಲ್ಲಿ ನೋಡಿ. ಕುಂಕುಮದ ಪುಡಿಯಷ್ಟು ನುಣ್ಣಗೆ ಮಿನುಗಿದರೆ ಸಹಜ. ಎಳ್ಳಿನ ಕಾಳಿನಷ್ಟು ಚೂರು ಸಿಕ್ಕರೆ ಓಡಿಸುವುದು ನಿಲ್ಲಿಸಿ ಮೆಕ್ಯಾನಿಕ್‌ಗೆ ತೋರಿಸಿ. ಹಳೇ ಎಣ್ಣೆಯನ್ನು ಚರಂಡಿಗೋ ತೆಂಗಿನ ಬುಡಕ್ಕೋ ಸುರಿಯಬೇಡಿ, ಗ್ಯಾರೇಜಿಗೇ ವಾಪಸ್ ಕೊಡಿ.

ಹಳೇ ಬುಲೆಟ್‌ನಲ್ಲಿ ಇನ್ನೊಂದು ಸೂಕ್ಷ್ಮ. ನಾಲ್ಕಾರು ದಿನ ನಿಂತ ಗಾಡಿಯಲ್ಲಿ ಎಣ್ಣೆ ಮೇಲಿನ ಟ್ಯಾಂಕಿನಿಂದ ಕೆಳಕ್ಕೆ ಇಳಿದಿರುತ್ತದೆ. ಆಗ ಅಳತೆ ಕಡ್ಡಿ ಅದ್ದಿ ನೋಡಿ ‘ಅಯ್ಯೋ ಕಡಿಮೆ ಆಗಿದೆ’ ಎಂದು ಸುರಿದರೆ ಹೆಚ್ಚಾಗಿ ಹೊರಗೆ ಉಗುಳುತ್ತದೆ. ಐದು ಹತ್ತು ನಿಮಿಷ ಓಡಿಸಿ, ಆಮೇಲೆ ಅಳತೆ ನೋಡಿ.

ಟ್ಯೂನಿಂಗ್: ಹದ ನೋಡುವ ಕೆಲಸ

500 ಕಿ.ಮೀ. ಸರ್ವಿಸ್ ಅನ್ನು ತಪ್ಪಿಸಲೇಬೇಡಿ. ಹೊಸ ಪ್ಯಾಕಿಂಗ್‌ಗಳು ಬಿಸಿಗೆ ಅಮುಕಿ ಕೂತಿರುತ್ತವೆ. ಹಾಗಾಗಿ ಎಂಜಿನ್ ತಣ್ಣಗಿರುವಾಗ ಹೆಡ್ ಬೋಲ್ಟ್‌ಗಳನ್ನು ಟಾರ್ಕ್ ಸ್ಪ್ಯಾನರ್‌ನಿಂದ ಮತ್ತೆ ಬಿಗಿ ಮಾಡಿಸಬೇಕು. ಚೈನ್ ಸಡಿಲ 25ರಿಂದ 30 ಮಿ.ಮೀ. ಇರಬೇಕು. ಕ್ಲಚ್, ಬ್ರೇಕ್ ಕೇಬಲ್‌ಗಳೂ ಹೊಸದಾಗಿದ್ದರೆ ಎಳೆದು ಉದ್ದವಾಗಿರುತ್ತವೆ, ಹೊಂದಿಸಿಕೊಳ್ಳಿ.

*ಪ್ಲಗ್:* ದೋಸೆಯ ಬಣ್ಣ ನೋಡಿ ಉರಿ ಹೆಚ್ಚೋ ಕಡಿಮೆಯೋ ಹೇಳುವವರಿಗೆ ಇದು ಸುಲಭ. ಸ್ವಲ್ಪ ದೂರ ಓಡಿಸಿ ಬಂದು ಪ್ಲಗ್ ಬಿಚ್ಚಿಸಿ ನೋಡಿ. ತಿಳಿ ಕಾಫಿ ಬಣ್ಣ ಇದ್ದರೆ ಹದ ಸರಿ. ಮಸಿ ಹಿಡಿದಂತೆ ಕಪ್ಪಾಗಿದ್ದರೆ ಪೆಟ್ರೋಲ್ ಹೆಚ್ಚು. ಬೂದಿಯಂತೆ ಬೆಳ್ಳಗಿದ್ದರೆ ಪೆಟ್ರೋಲ್ ಕಡಿಮೆ, ಗಾಳಿ ಹೆಚ್ಚು. ಎಂಜಿನ್ ಅತಿಯಾಗಿ ಕಾಯುತ್ತಿದೆ ಎಂದು ಅರ್ಥ. ಹೊಸ ಎಂಜಿನ್ನಿಗೆ ಈ ಬಿಳುಪೇ ಹೆಚ್ಚು ಅಪಾಯ.

*ಕಾರ್ಬುರೇಟರ್:* ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೇ ಇದನ್ನು ಮುಟ್ಟಬೇಕು. ಐಡ್ಲಿಂಗ್ ಸ್ವಲ್ಪ ಏರಿಸಿಟ್ಟು, ಏರ್ ಸ್ಕ್ರೂ ಅನ್ನು ಕಾಲು ಸುತ್ತು, ಕಾಲು ಸುತ್ತು ತಿರುಗಿಸುತ್ತಾ, ಎಂಜಿನ್ ಎಲ್ಲಿ ಅತಿ ಹೆಚ್ಚು, ಅತಿ ಸಮವಾಗಿ ತಿರುಗುತ್ತದೋ ಅಲ್ಲಿ ನಿಲ್ಲಿಸಿ, ಆಮೇಲೆ ಐಡ್ಲಿಂಗ್ ಇಳಿಸುತ್ತಾರೆ. ‘ಮೈಲೇಜ್ ಜಾಸ್ತಿ ಬರೋ ಹಾಗೆ ಪೆಟ್ರೋಲ್ ಕಡಿಮೆ ಮಾಡಿಬಿಡಪ್ಪ’ ಎಂದು ಈ ಹೊತ್ತಿನಲ್ಲಿ ಮಾತ್ರ ಹೇಳಬೇಡಿ. ಉಳಿಸಿದ ಹತ್ತು ರೂಪಾಯಿಗೆ ಪಿಸ್ಟನ್ ಬೆಲೆ ತೆರಬೇಕಾದೀತು.

ಈಗ ಬಂಕ್‌ಗಳಲ್ಲಿ ಸಿಗುವುದು ಹೆಚ್ಚಾಗಿ ಶೇ 20ರವರೆಗೆ ಎಥೆನಾಲ್ ಬೆರೆತ ಪೆಟ್ರೋಲ್. ಹಳೇ ಕಾರ್ಬುರೇಟರ್ ಗಾಡಿಗಳಿಗೆ ಇದರಿಂದ ಮಿಶ್ರಣ ತುಸು ತೆಳುವಾಗುತ್ತದೆ. ನೀವು ದಿನಾ ಹಾಕಿಸುವ ಪೆಟ್ರೋಲ್‌ನಲ್ಲೇ ಟ್ಯೂನಿಂಗ್ ಮಾಡಿಸಿ. ಹಳೇ ರಬ್ಬರ್ ಪೈಪ್, ವಾಷರ್‌ಗಳನ್ನು ಬದಲಾಯಿಸಿ. ಎಥೆನಾಲ್ ನೀರು ಹೀರುತ್ತದಾದ್ದರಿಂದ ತಿಂಗಳುಗಟ್ಟಲೆ ಗಾಡಿ ನಿಲ್ಲಿಸಿದರೆ ಟ್ಯಾಂಕ್ ಒಳಗೆ ತುಕ್ಕು ಹಿಡಿದೀತು, ಜೋಕೆ.

*ಟ್ಯಾಪೆಟ್:* ಕ್ಯಾಸ್ಟ್ ಐರನ್ ಬುಲೆಟ್‌ನಲ್ಲಿ ಎಂಜಿನ್ ತಣ್ಣಗಿರುವಾಗ ಪುಷ್ ರಾಡ್ ಬೆರಳಿನಿಂದ ಸಲೀಸಾಗಿ ತಿರುಗಬೇಕು, ಆದರೆ ಮೇಲೆ ಕೆಳಗೆ ಅಲುಗಾಡಬಾರದು. ಗೇರ್ ಪೆಟ್ಟಿಗೆಯೂ ಎಂಜಿನ್ನೂ ಒಂದೇ ಆಗಿರುವ, ಆಮೇಲೆ ಬಂದ ಯು.ಸಿ.ಇ. ಎಂಜಿನ್‌ಗಳಲ್ಲಿ ಟ್ಯಾಪೆಟ್ ಹೈಡ್ರಾಲಿಕ್, ತಾನೇ ಹೊಂದಿಕೊಳ್ಳುತ್ತದೆ. ಅಂಥ ಗಾಡಿಗೂ ‘ಟ್ಯಾಪೆಟ್ ಸೆಟ್ಟಿಂಗ್’ ಅಂತ ಬಿಲ್ ಬಂದರೆ, ಏನಪ್ಪಾ ಇದು ಅಂತ ಕೇಳುವ ಹಕ್ಕು ನಿಮಗಿದೆ!

*ಟೈಮಿಂಗ್:* ಪಾಯಿಂಟ್ ಇರುವ ಹಳೇ ಗಾಡಿಗಳಲ್ಲಿ ಪಾಯಿಂಟಿನ ಅಂತರ 0.35ರಿಂದ 0.40 ಮಿ.ಮೀ. ಹೊಸ ಪಾಯಿಂಟ್ ಬೇಗ ಸವೆದು ಅಂತರ ಕಡಿಮೆಯಾಗುತ್ತದೆ, ಅದಕ್ಕೇ 500ಕ್ಕೆ ನೋಡಿಸಬೇಕು. ಏರಿನಲ್ಲಿ ಎಂಜಿನ್ ಒಳಗೆ ಗೋಲಿ ಅಲುಗಾಡಿಸಿದ ಸದ್ದು ಬಂದರೆ ಟೈಮಿಂಗ್ ಮುಂದೆ ಹೋಗಿರಬಹುದು, ಇಲ್ಲವೇ ಮಿಶ್ರಣ ತೆಳುವಾಗಿರಬಹುದು.

ಇದೆಲ್ಲ ನಾಲ್ಕು ಸ್ಟ್ರೋಕ್ ಎಂಜಿನ್ನಿನ ಮಾತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ 1996ರವರೆಗೆ ಬಂದ ಜಾವಾ, ಯೆಜ್ಡಿಗಳು ಮನೆಯಲ್ಲಿದ್ದರೆ ಲೆಕ್ಕ ಬೇರೆ. ಅವು ಎರಡು ಸ್ಟ್ರೋಕ್, ಎಣ್ಣೆಯನ್ನು ಪೆಟ್ರೋಲಿಗೇ ಬೆರೆಸಬೇಕು. ಆ ಗಾಡಿ ಪಳಗಿದ ಮೆಕ್ಯಾನಿಕ್ ಹೇಳಿದ ಅಳತೆಯನ್ನೇ ಬೆರೆಸಿ, ಕಣ್ಣಂದಾಜು ಬೇಡ.

ಹಿಂದೆ ಕೂರುವವರ ಪಾಲು

ಗಾಡಿ ಹೊಸದು ಮಾಡಿಸುವಾಗ ‘ಲುಕ್’ ಕೆಡುತ್ತದೆಂದು ಹುಡುಗರು ಮೊದಲು ಕಿತ್ತು ಬಿಸಾಡುವುದು ಸೀರೆ ಗಾರ್ಡ್ ಅನ್ನು. ಇದನ್ನು ಒಪ್ಪಲೇಬೇಡಿ. ಹಿಡಿದುಕೊಳ್ಳುವ ಹಿಡಿ, ಕಾಲಿಡುವ ಪೆಡಲ್, ಹಿಂದಿನ ಚಕ್ರದ ಅರ್ಧ ಭಾಗವನ್ನಾದರೂ ಮುಚ್ಚುವ ರಕ್ಷಣೆ ಇರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮವೇ ಹೇಳುತ್ತದೆ. ಸೆರಗು, ದುಪಟ್ಟಾ ಚಕ್ರಕ್ಕೆ ಸಿಕ್ಕಿ ಆಗುವ ಅನಾಹುತ ನಮಗೆಲ್ಲ ಗೊತ್ತಿದ್ದದ್ದೇ.

ಹಿಂಬದಿ ಸವಾರರಿಗೂ ಹೆಲ್ಮೆಟ್ 2016ರ ಜನವರಿಯಿಂದ ನಮ್ಮ ರಾಜ್ಯದಲ್ಲಿ ಕಡ್ಡಾಯವಾಗಿದೆ. ನಾಲ್ಕು ವರ್ಷದೊಳಗಿನ ಮಕ್ಕಳನ್ನು ಕೂರಿಸಿದರೆ ಸುರಕ್ಷತಾ ಬೆಲ್ಟ್ ಇರಬೇಕು, ವೇಗ 40 ದಾಟಬಾರದು, ಒಂಬತ್ತು ತಿಂಗಳು ತುಂಬಿದ ಮಗುವಿಗೆ ಹೆಲ್ಮೆಟ್ ಬೇಕು ಎಂಬ ನಿಯಮ 2022ರಲ್ಲಿ ಪ್ರಕಟವಾಗಿದೆ. ಕಿವಿ ಹರಿಯುವ ಸೈಲೆನ್ಸರ್ ಹಾಕಿಸಿದರೆ ದಂಡ ಕಟ್ಟಬೇಕು. ಅಷ್ಟೇ ಅಲ್ಲ, ಸೈಲೆನ್ಸರ್ ಬದಲಾದರೆ ಕಾರ್ಬುರೇಟರ್ ಹದವೂ ಕೆಡುತ್ತದೆ. ಗಾಡಿಗೆ 15 ವರ್ಷ ತುಂಬಿದ್ದರೆ ಆರ್.ಸಿ. ನವೀಕರಣ ಆಗಿದೆಯೇ ನೋಡಿಕೊಳ್ಳಿ.

ಒಂದು ನೋಟ್ ಪುಸ್ತಕ ಇಡಿ

ಹಾಲಿನ ಲೆಕ್ಕ, ಗ್ಯಾಸ್ ಬುಕ್ ಮಾಡಿದ ತಾರೀಕು ಬರೆದಿಡುವ ನಮಗೆ ಇದೇನು ದೊಡ್ಡ ಕೆಲಸವಲ್ಲ. ಈ ಆರು ವಿಷಯ ಬರೆದಿಡಿ:

1. ಗಾಡಿ ಮನೆಗೆ ಬಂದ ದಿನ ಮೀಟರ್ ಎಷ್ಟಿತ್ತು.
2. ದಿನಕ್ಕೆ ಎಷ್ಟು ಓಡಿತು, ಯಾರು ಓಡಿಸಿದರು.
3. ಎಣ್ಣೆ ಯಾವಾಗ ಬದಲಾಯಿತು, ಯಾವ ಎಣ್ಣೆ, ಎಷ್ಟು.
4. ಪ್ಲಗ್ಗಿನ ಬಣ್ಣ, ಹೊಗೆಯ ಬಣ್ಣ. ಮೊದಮೊದಲು ತುಸು ನೀಲಿ ಹೊಗೆ ಸಹಜ. 500 ದಾಟಿದ ಮೇಲೂ ನಿಲ್ಲದಿದ್ದರೆ ತೋರಿಸಿ.
5. ಎಲ್ಲಾದರೂ ಎಣ್ಣೆ ಜಿನುಗುತ್ತಿದೆಯೇ. ರಾತ್ರಿ ಗಾಡಿ ಕೆಳಗೆ ಹಳೇ ಪೇಪರ್ ಹಾಸಿಟ್ಟರೆ ಬೆಳಿಗ್ಗೆ ತಾನಾಗಿ ತಿಳಿಯುತ್ತದೆ.
6. ಖರ್ಚು, ಬಿಲ್ ಸಮೇತ.

ಈ ಪುಸ್ತಕ ಇದ್ದರೆ ಗ್ಯಾರೇಜಿನಲ್ಲಿ ‘ನೀವೇ ಸರಿಯಾಗಿ ಓಡಿಸಿಲ್ಲ ಮೇಡಂ’ ಎಂಬ ಮಾತಿಗೆ ಜಾಗವಿರುವುದಿಲ್ಲ. ಮೆಕ್ಯಾನಿಕ್‌ಗೂ ತೊಂದರೆ ಎಲ್ಲಿದೆ ಎಂದು ಬೇಗ ಸಿಗುತ್ತದೆ.

ದಿನಕ್ಕೆ ನಲವತ್ತು ಕಿಲೋಮೀಟರ್‌ನಂತೆ ಓಡಿಸಿದರೂ ಸಾವಿರ ಮುಟ್ಟಲು ಇಪ್ಪತ್ತೈದು ದಿನ ಸಾಕು. ಅಷ್ಟು ದಿನ ಮನೆಯವರನ್ನು, ಮಗನನ್ನು, ಇಲ್ಲವೇ ನಿಮ್ಮದೇ ಕೈಯನ್ನು ಸ್ವಲ್ಪ ತಡೆದು ಹಿಡಿಯಿರಿ. ಆಮೇಲೆ ಬೇಕಾದರೆ ಘಾಟಿ ಹತ್ತಿ, ಇಬ್ಬರೂ ಕೂತು ಕಡಲ ತೀರಕ್ಕೇ ಹೋಗಿ. ಚೆನ್ನಾಗಿ ಬಾಣಂತನ ಆದ ಎಂಜಿನ್ ವರ್ಷಗಟ್ಟಲೆ ನಿಮ್ಮ ಮಾತು ಕೇಳುತ್ತದೆ.